ಗೆರೆ ಬಿದ್ದ ಕಾಗದ

ಹೋದ ಆಷಾಢದಲ್ಲಿ ನಮ್ಮ ಡಾಕ್ಟರ ಕ್ಲಿನಿಕ್ಕಿಗೆ ತಪಾಸಣೆ ಬರುವ ಸುದ್ದಿ ಹಬ್ಬಿತು. ಅಧಿಕಾರಿಗಳು ಬಂದು ನೋಡುವ ಹೊತ್ತಿಗೆ ಗೋಡೆಯ ಮೇಲೆ ರೋಗಿಗಳ ಹಕ್ಕುಗಳ ಬೋರ್ಡು ಇರಬೇಕಂತೆ. ಪಿರಿಯಾಪಟ್ಟಣದ ಬಸ್ ನಿಲ್ದಾಣದ ಎದುರು ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಟೈಪಿಂಗ್, ಲ್ಯಾಮಿನೇಷನ್, ಸಣ್ಣಪುಟ್ಟ ಬೋರ್ಡು ಎಲ್ಲ ಅಲ್ಲೇ ಆಗುತ್ತದೆ. ಕ್ಲಿನಿಕ್ಕಿನ ನರ್ಸಮ್ಮ ಹತ್ತು ಸಾಲಿನ ಒಂದು ಹಾಳೆ ತಂದು ನನ್ನ ಮುಂದಿಟ್ಟು, ‘ನಾಳೆ ಬೆಳಗ್ಗೆ ಬೇಕು, ದೊಡ್ಡದಾಗಿ, ಕನ್ನಡದಲ್ಲೇ’ ಅಂದರು.

ಟೈಪ್ ಮಾಡುತ್ತಾ ಹೋದೆ. ರೋಗಿಗೆ ತನ್ನ ಕಾಯಿಲೆ ಏನೆಂದು ತಿಳಿಯುವ ಹಕ್ಕಿದೆ. ರೋಗಿಯನ್ನು ಗೌರವದಿಂದ ಕಾಣಲಾಗುವುದು. ಐದನೆಯ ಸಾಲಿಗೆ ಬಂದಾಗ ಕೈ ನಿಂತಿತು. ರೋಗಿಯ ಕಾಯಿಲೆ, ಪರೀಕ್ಷೆ ಮತ್ತು ಚಿಕಿತ್ಸೆಯ ವಿವರಗಳನ್ನು ಗೌಪ್ಯವಾಗಿ ಇಡಲಾಗುವುದು. ನಗು ಬಂತು. ಒಳ್ಳೆಯ ನಗುವಲ್ಲ. ನಮ್ಮವ್ವನ ಕೈಯಿಂದ ಸೌಟು ಕಿತ್ತುಕೊಂಡ ಕ್ಲಿನಿಕ್ಕು ಈಗ ಗೌಪ್ಯತೆಯ ಬೋರ್ಡನ್ನು ನನ್ನ ಕೈಯಲ್ಲೇ ಬರೆಸುತ್ತಿದೆ ಅನ್ನಿಸಿ ಮೈ ಉರಿಯಿತು. ಉಳಿದ ಒಂಬತ್ತು ಸಾಲುಗಳನ್ನು ಒಂದು ಅಳತೆಗೆ ಇಟ್ಟು, ಐದನೆಯದನ್ನು ಮಾತ್ರ ಅದರ ಎರಡರಷ್ಟು ದಪ್ಪ ಮಾಡಿದೆ.

‘ಇದೊಂದ್ಯಾಕೆ ಇಷ್ಟು ದಪ್ಪ?’ ಅಂತ ಮಾರನೆಯ ದಿನ ನರ್ಸಮ್ಮ ಕೇಳಿದರು.

‘ಡಾಕ್ಟರಿಗೆ ವಯಸ್ಸಾಯ್ತಲ್ಲ, ದೂರದಿಂದಲೂ ಕಾಣ್ಲಿ ಅಂತ’ ಅಂದೆ. ಅವರು ಅಲ್ಲಿ ಕೆಲಸಕ್ಕೆ ಸೇರಿ ಮೂರು ವರ್ಷವಾಗಿದೆಯಷ್ಟೆ, ಹಳೆಯದು ಗೊತ್ತಿಲ್ಲ. ತಲೆಯಾಡಿಸಿ ಬೋರ್ಡು ಎತ್ತಿಕೊಂಡು ಹೋದರು.

ಆ ಕ್ಲಿನಿಕ್ಕಿನ ಒಳಬೆಂಚಿನ ಮೇಲೆ ಒಮ್ಮೆಯಾದರೂ ಕೂತವರಿಗೆ ನನ್ನ ಸಿಟ್ಟು ಅರ್ಥವಾದೀತು. ಹೊರಗೆ ಜಗಲಿ, ಆಮೇಲೆ ಕಾಯುವವರು ಕೂರುವ ಹಾಲು, ಅದರಾಚೆ ಡಾಕ್ಟರ ಕೋಣೆ. ಕೋಣೆಯೊಳಗೆ, ಡಾಕ್ಟರ ಮೇಜಿನಿಂದ ಎರಡೇ ಮೊಳ ದೂರದಲ್ಲಿ, ಗೋಡೆಗೆ ಆನಿಸಿದ ಒಂದು ಮರದ ಬೆಂಚು. ನಾಲ್ಕು ಜನರನ್ನು ಒಟ್ಟಿಗೆ ಒಳಗೆ ಬಿಡುತ್ತಾರೆ. ಒಬ್ಬರು ಸ್ಟೂಲಿನ ಮೇಲೆ ಕೂತು ನಾಲಿಗೆ ಚಾಚುವಾಗ ಉಳಿದ ಮೂವರು ಬೆಂಚಿನ ಮೇಲಿಂದ ನೋಡುತ್ತಾರೆ. ನೋಡಿ ಸುಮ್ಮನಿರುತ್ತಾರೆಯೇ, ಮಾತಿಗೂ ಸೇರಿಕೊಳ್ಳುತ್ತಾರೆ. ‘ನಮ್ಮ ಮಾವುಂಗೂ ಇಂಗೇ ಆಗಿತ್ತು ಡಾಕ್ಟ್ರೆ, ಆಮೇಲೆ ಕಾಲೇ ತೆಗುದ್ರು’ ಅಂತ ಒಬ್ಬರು ಧೈರ್ಯ ಹೇಳುತ್ತಾರೆ. ಸರಗೂರಿನ ಕಡೆಯ ಒಬ್ಬ ಗಂಡಸು ಮೂರು ಸಲ ಬಂದು ಮೂರು ಸಲವೂ ಹೊಟ್ಟೆನೋವು ಅಂತ ಮಾತ್ರೆ ತೆಗೆದುಕೊಂಡು ಹೋಗಿದ್ದನ್ನು ನಾನೇ ಕಂಡಿದ್ದೇನೆ. ನಾಲ್ಕನೆಯ ಸಲ ತಡೆಯಲಾರದೆ, ಮೂಲವ್ಯಾಧಿ ಅಂತ ಬಾಯಿಬಿಟ್ಟ. ಬೆಂಚಿನ ಮೇಲಿದ್ದ ಮೂವರೂ ಮರ್ಯಾದೆಗೆ ಗೋಡೆಯ ಕಡೆ ಮುಖ ತಿರುಗಿಸಿದರು. ಕಿವಿಗಳನ್ನು ತಿರುಗಿಸಲಿಲ್ಲ.

ಡಾಕ್ಟರು ಕೆಟ್ಟವರಲ್ಲ, ಅದೇ ತೊಂದರೆ. ಕೆಟ್ಟವರಾಗಿದ್ದರೆ ಬೈದು ಮುಗಿಸಬಹುದಿತ್ತು. ಹಿಂದೆ ನಮ್ಮ ಕಡೆಯ ಹೆಂಗಸರು ಗಂಡಸು ಡಾಕ್ಟರ ಕೋಣೆಗೆ ಒಂಟಿಯಾಗಿ ಹೋಗಲು ಅಂಜುತ್ತಿದ್ದರಂತೆ. ಜೊತೆಗೆ ನಾಲ್ಕು ಜನ ಇರಲಿ, ಭಯ ಬೇಡ ಅಂತ ಅವರು ಹಾಕಿಸಿದ ಬೆಂಚು ಅದು. ಆ ಹೆಂಗಸರು ಅಜ್ಜಿಯರಾಗಿ ಸತ್ತೂ ಹೋದರು. ಬೆಂಚು ಮಾತ್ರ ಅಲ್ಲೇ ಉಳಿಯಿತು.

ನಾಲ್ಕು ವರ್ಷದ ಹಿಂದಿನವರೆಗೆ ಅಲ್ಲಿ ಒಬ್ಬ ಕಾಂಪೌಂಡರು ಇದ್ದರು. ತೆಳ್ಳಗಿನ ಮನುಷ್ಯ, ಕಂಠ ಮಾತ್ರ ದೊಡ್ಡದು. ಒಂದೇ ಹೆಸರಿನವರು ದಿನಕ್ಕೆ ಆರು ಜನ ಬಂದು ಗೊಂದಲವಾಗುತ್ತದೆ ಅಂತ ಅವರು ಹೆಸರು ಕೂಗುವುದನ್ನೇ ಬಿಟ್ಟಿದ್ದರು. ಊರು ಮತ್ತು ಕಾಯಿಲೆ ಸೇರಿಸಿ ಕೂಗುತ್ತಿದ್ದರು. ‘ಮಿರ್ಲೆ ಶುಗರ್ರು ಒಳಕ್ಕೆ ಬನ್ನಿ. ಕೋಟೆ ಕಜ್ಜಿ, ನೀವು ಆಮೇಲೆ.’ ಹಾಲಿನಲ್ಲಿ ಕೂತವರು ನಗುತ್ತಿದ್ದರು, ಕರೆಸಿಕೊಂಡವರೂ ನಗುತ್ತಲೇ ಎದ್ದು ಹೋಗುತ್ತಿದ್ದರು. ನಾನೂ ನಕ್ಕಿದ್ದೇನೆ. ಅಲ್ಲಿ ಕೂತು ನಗದವರು ಯಾರೂ ಇರಲಿಲ್ಲ.

ನಗುವ ವಿಷಯದಲ್ಲಿ ನನ್ನ ಅಂಗಡಿಯೂ ಕಡಿಮೆಯದಲ್ಲ. ಆಗ ನನ್ನಲ್ಲಿದ್ದ ಯಂತ್ರದ ಡ್ರಮ್ಮಿಗೆ ಒಂದು ಗೀರು ಬಿದ್ದಿತ್ತು. ಏನೇ ಜೆರಾಕ್ಸ್ ಮಾಡಿದರೂ ಎಡ ಅಂಚಿನಲ್ಲಿ ಮೇಲಿನಿಂದ ಕೆಳಗೆ ಒಂದು ಕಪ್ಪು ಗೆರೆ, ನಡುವೆ ಅಕ್ಕಿಕಾಳಿನಷ್ಟು ತುಂಡಾಗಿ, ಮತ್ತೆ ಮುಂದುವರಿಯುತ್ತಿತ್ತು. ಇವತ್ತು ಬದಲಾಯಿಸುತ್ತೇನೆ, ನಾಳೆ ಬದಲಾಯಿಸುತ್ತೇನೆ ಅಂತ ಸುಮಾರು ಎರಡು ವರ್ಷ ದೂಡಿದೆ. ತಾಲ್ಲೂಕು ಕಚೇರಿಯ ಗುಮಾಸ್ತರು ಅರ್ಜಿ ನೋಡಿದ ಕೂಡಲೇ, ‘ಗೆರೆ ಅಂಗಡಿದಾ?’ ಅನ್ನುತ್ತಿದ್ದರು. ಕೆಟ್ಟುಹೋದ ಪ್ರತಿಗಳನ್ನು ಒಂದು ರಟ್ಟಿನ ಪೆಟ್ಟಿಗೆಗೆ ಹಾಕುತ್ತಿದ್ದೆ. ಪಕ್ಕದ ಬೋಂಡಾ ಅಂಗಡಿಯವರು ಬಂದು ಎತ್ತಿಕೊಂಡು ಹೋಗುತ್ತಿದ್ದರು. ಸಂತೆಯ ದಿನ ಜನ ಯಾರದೋ ಪಹಣಿ, ಯಾರದೋ ಮಾರ್ಕ್ಸ್ ಕಾರ್ಡು ಓದಿಕೊಂಡು ಬೋಂಡಾ ತಿನ್ನುತ್ತಿದ್ದರು. ‘ನಿಮ್ಮಿಂದ ಪಟ್ಟಣದ ಜನಕ್ಕೆ ಓದೋ ಅಭ್ಯಾಸ ಬಂತು ಬುಡಿ’ ಅಂತ ಬೋಂಡಾದವರು ತಮಾಷೆ ಮಾಡುತ್ತಿದ್ದರು.

ಇನ್ನು ಅವ್ವನ ವಿಷಯ. ಕಂಪಲಾಪುರದಲ್ಲಿ ಬಸ್ಸಿಳಿದು ಒಳಗೆ ಎರಡು ಮೈಲಿ ನಡೆದರೆ ನಮ್ಮೂರು. ಮನೆಯಲ್ಲಿ ನಾನೂ ಅವ್ವನೂ ಇಬ್ಬರೇ. ಊರಿನ ಶಾಲೆಯಲ್ಲಿ ಬಿಸಿಯೂಟ ಶುರುವಾದ ದಿನದಿಂದ ಅಡುಗೆ ಅವ್ವನದೇ. ಬೆಳಗ್ಗೆ ಒಂಬತ್ತಕ್ಕೆ ಒಲೆ ಹಚ್ಚಿದರೆ ಒಂದು ಗಂಟೆಗೆ ಅನ್ನ ಸಾರು ಇಳಿಯಬೇಕು. ಎಷ್ಟು ಮಕ್ಕಳು ಬಂದಿದ್ದಾರೆ ಅಂತ ಅವಳು ಮೇಷ್ಟ್ರನ್ನು ಕೇಳುತ್ತಿರಲಿಲ್ಲ, ಪ್ರಾರ್ಥನೆಯ ಸದ್ದು ಕೇಳಿಯೇ ಅಕ್ಕಿ ಅಳೆಯುತ್ತಿದ್ದಳು. ಶಾಲೆಯ ದೊಡ್ಡ ಸೌಟನ್ನು ಮಾತ್ರ ಅಲ್ಲಿ ಬಿಡುತ್ತಿರಲಿಲ್ಲ. ದಿನಾ ಮನೆಗೆ ತಂದು ಹುಣಸೆಹಣ್ಣು ಹಾಕಿ ತಿಕ್ಕಿ, ಬಾಗಿಲ ಪಕ್ಕದ ಮೊಳೆಗೆ ತೂಗುಹಾಕುತ್ತಿದ್ದಳು. ಊರಿನ ಮುಕ್ಕಾಲು ಪಾಲು ಹುಡುಗರು ಆ ಸೌಟಿನಲ್ಲಿ ಉಂಡು ಬೆಳೆದವರು. ಅವಳಿಗೆ ಅಕ್ಷರ ಬರದು. ಆದರೂ ಶಾಲೆ ನನ್ನದು ಅಂತ ಎದೆ ಎತ್ತಿ ಹೇಳಿಕೊಳ್ಳುವಷ್ಟು ಹಕ್ಕು ಆ ಸೌಟು ಅವಳಿಗೆ ಕೊಟ್ಟಿತ್ತು.

ನಾಲ್ಕು ವರ್ಷದ ಹಿಂದೆ ಅವಳಿಗೆ ಕೆಮ್ಮು ಹಿಡಿಯಿತು. ಒಲೆಯ ಹೊಗೆ ಅಂದುಕೊಂಡೆವು. ಮೂರು ವಾರವಾದರೂ ಬಿಡಲಿಲ್ಲ, ಮೈ ಇಳಿಯಿತು. ಊರಿನ ಪಕ್ಕದ ಸರ್ಕಾರಿ ಆಸ್ಪತ್ರೆಗೆ ಹೋದರೆ ಎಲ್ಲರೂ ಗುರುತಿನವರೇ, ಗುಟ್ಟು ಉಳಿಯುವುದಿಲ್ಲ ಅಂತ ಲೆಕ್ಕ ಹಾಕಿದವನು ನಾನು. ಪಟ್ಟಣದ ಖಾಸಗಿ ಡಾಕ್ಟರಲ್ಲಿಗೆ ಹೋಗೋಣ, ದೂರವೂ ಆಯಿತು, ಗೌರವವೂ ಆಯಿತು ಅಂದೆ. ಎಂಥ ಜಾಣ ನೋಡಿ.

ಮೊದಲ ದಿನ ಕಾಂಪೌಂಡರು ‘ಕಂಪಲಾಪುರ ಕೆಮ್ಮು’ ಅಂತ ಕೂಗಿ ಕರೆದರು. ಅವ್ವ ಸೆರಗು ಬಾಯಿಗೆ ಹಿಡಿದು ಎದ್ದು ಹೋದಳು. ಕಫ ಪರೀಕ್ಷೆಗೆ ಡಬ್ಬಿ ಕೊಟ್ಟರು. ಎರಡು ದಿನ ಬಿಟ್ಟು ರಿಪೋರ್ಟಿಗೆ ಹೋದಾಗ ಹಾಲಿನ ತುಂಬ ಜನ ಇದ್ದರು. ಕಾಂಪೌಂಡರು ಲ್ಯಾಬಿನ ಕಾಗದ ಬಿಚ್ಚಿ ನೋಡಿದರು. ನನ್ನನ್ನು ನೋಡಿದರು. ಆ ದಿನ ಮಾತ್ರ ಅವರು ಕೂಗಲಿಲ್ಲ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಯಲ್ಲಿಟ್ಟು, ‘ನೀನೊಬ್ಬನೇ ಒಳಕ್ಕೆ ಓಗಪ್ಪ, ಅವ್ವನ್ನ ಆಮ್ಯಾಲೆ ಕಳುಸ್ತೀನಿ’ ಅಂದರು.

ಒಳಗೆ ಬೆಂಚಿನ ಮೇಲೆ ಮೂವರಿದ್ದರು. ಡಾಕ್ಟರು ಕಾಗದ ನೋಡಿ, ‘ಟೀಬಿ ಕಣಯ್ಯ, ಹೆದರಬೇಡ’ ಅಂದರು. ಅವರ ಪಾಡಿಗೆ ಅವರು ಸಮಾಧಾನವಾಗಿಯೇ ಹೇಳಿದರು. ಶ್ವಾಸಕೋಶದ್ದು, ಆರು ತಿಂಗಳು ಮಾತ್ರೆ ತಪ್ಪಿಸದೆ ನುಂಗಬೇಕು, ಕೆಲವು ವಾರಗಳಲ್ಲೇ ಬೇರೆಯವರಿಗೆ ಹರಡುವುದು ನಿಲ್ಲುತ್ತದೆ, ಒಂದು ತಿಂಗಳು ಶಾಲೆಯ ಅಡುಗೆಮನೆಗೆ ಹೋಗದಿರಲಿ, ಮತ್ತೆ ಕಫ ಪರೀಕ್ಷೆ ಮಾಡಿ ತಾನೇ ಒಪ್ಪಿಗೆ ಬರೆದುಕೊಡುತ್ತೇನೆ ಅಂದರು. ಬೆಂಚಿನ ಮೂವರೂ ಎಂದಿನಂತೆ ಗೋಡೆ ನೋಡಿದರು. ಅವರಲ್ಲೊಬ್ಬರು ಕುಳಿತಲ್ಲೇ ಒಂದು ಗೇಣು ಆಚೆ ಸರಿದರು.

ಅವ್ವ ಒಪ್ಪಿದಳು. ಮಕ್ಕಳಿಗೆ ಅಪಾಯವಾಗಬಾರದು ಅನ್ನುವುದರಲ್ಲಿ ಅವಳಿಗೆ ಎರಡು ಮಾತಿರಲಿಲ್ಲ. ಮಿರ್ಲೆಯಲ್ಲಿರುವ ಅವಳ ತಂಗಿಗೆ ಹುಷಾರಿಲ್ಲ, ಒಂದು ತಿಂಗಳು ರಜ ಬೇಕು ಅಂತ ಶಾಲೆಗೆ ಹೇಳಿ ಕಳುಹಿಸಿದೆವು. ಜೊತೆ ಅಡುಗೆಯವಳು ಅಷ್ಟು ದಿನ ಸುಧಾರಿಸುತ್ತೇನೆ ಅಂದಳು. ಅವ್ವ ಮಿರ್ಲೆಗೂ ಹೋಗಲಿಲ್ಲ, ಎಲ್ಲಿಗೂ ಹೋಗಲಿಲ್ಲ. ಬಾಗಿಲು ಮುಂದೆ ಮಾಡಿಕೊಂಡು ಮನೆಯೊಳಗೇ ಉಳಿದಳು. ಕೆಮ್ಮು ಬಂದರೆ ಕೌದಿಯಲ್ಲಿ ಮುಖ ಹುದುಗಿಸಿ ಕೆಮ್ಮುತ್ತಿದ್ದಳು. ಮಾತ್ರೆಗಳು ಸರ್ಕಾರದಿಂದ ಪುಕ್ಕಟೆ ಸಿಗುತ್ತವೆ, ರಿಪೋರ್ಟಿನ ಜೆರಾಕ್ಸ್ ಕೊಡಬೇಕು ಅಂತ ಡಾಕ್ಟರು ಅಂದಿದ್ದರು. ಪಟ್ಟಣದ ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲೇ ತೆಗೆದುಕೊಳ್ಳೋಣ ಅಂತ ನನ್ನ ಅಂಗಡಿಯಲ್ಲಿ ನಾನೇ ಪ್ರತಿ ತೆಗೆದೆ. ಯಾರಾದರೂ ಬಂದಾರು ಅನ್ನುವ ಅವಸರ. ಮೊದಲ ಸಲ ಕಾಗದ ಸೊಟ್ಟಗೆ ಕೂತಿತು, ಎರಡನೆಯದು ಸರಿಯಾಗಿ ಬಂತು.

ಮಾತ್ರೆ ಶುರುವಾಗಿ ಮೂರನೆಯ ವಾರಕ್ಕೆ ಕೆಮ್ಮು ಕಡಿಮೆಯಾಯಿತು. ಅವ್ವ ಊಟ ಕೇಳಿ ಹಾಕಿಸಿಕೊಂಡಳು. ಇನ್ನು ಹತ್ತು ದಿನ, ಆಮೇಲೆ ಶಾಲೆಗೆ ಹೋಗುತ್ತೇನೆ ಅಂತ ಬೆರಳು ಮಡಚುತ್ತಿದ್ದಳು. ಅದೇ ವಾರ ಊರಿನಲ್ಲಿ ಮಾತು ಬದಲಾಯಿತು. ಒಂದು ಬೆಳಗ್ಗೆ ಡೈರಿಗೆ ಹಾಲು ಒಯ್ದರೆ, ‘ನಿಮ್ದು ಬ್ಯಾರೆ ಕ್ಯಾನ್‌ಗೆ ಉಯ್ಯಪ್ಪ’ ಅಂದರು. ನನ್ನ ಕಣ್ಣು ನೋಡಿ ಹೇಳಲಿಲ್ಲ. ಎರಡನೆಯ ದಿನ ಶಾಲೆಯ ಮಕ್ಕಳೆಲ್ಲ ಮನೆಯಿಂದ ಬುತ್ತಿ ತಂದರಂತೆ. ಮೂರನೆಯ ದಿನ ನಾನು ಅಂಗಡಿಯಲ್ಲಿದ್ದಾಗ ಹೆಡ್‌ಮಾಸ್ಟರೂ ಶಾಲಾ ಸಮಿತಿಯ ಅಧ್ಯಕ್ಷರೂ ನಮ್ಮ ಮನೆಯ ಅಂಗಳಕ್ಕೆ ಬಂದರು. ಹೊಸ್ತಿಲು ತುಳಿಯಲಿಲ್ಲ. ಮೂಗಿಗೆ ಕರವಸ್ತ್ರ ಹಿಡಿದು ಸೌಟು ಕೇಳಿದರು. ಅವ್ವ ಮೊಳೆಯಿಂದ ತೆಗೆದು ಕೊಡಲು ಹೋದಾಗ ಕೈಯಲ್ಲಿ ಮುಟ್ಟದೆ, ಪ್ಲಾಸ್ಟಿಕ್ ಚೀಲದ ಬಾಯಿ ಅಗಲಿಸಿ ಅದರೊಳಗೆ ಇಳಿಸಲು ಹೇಳಿದರು. ಹದಿನೆಂಟು ವರ್ಷ ಆ ಸೌಟಿನಿಂದ ಬಡಿಸಿದವಳಿಗೆ ಅದು ಬೀಳ್ಕೊಡುಗೆ.

ಅವ್ವ ಪೂರ್ತಿ ಗುಣವಾದಳು. ಡಾಕ್ಟರು ಹೇಳಿದಂತೆಯೇ ಒಪ್ಪಿಗೆಯ ಕಾಗದವನ್ನೂ ಬರೆದುಕೊಟ್ಟರು. ಅದನ್ನು ಹಿಡಿದು ನಾನು ಶಾಲೆಗೆ ಮೂರು ಸಲ ಹೋದೆ. ‘ಕಾಗದ ಸರಿಯಾಗೇ ಇದೆ, ಆದ್ರೆ ತಂದೆತಾಯಿಗಳು ಒಪ್ಪಬೇಕಲ್ಲ’ ಅಂತ ಹೆಡ್‌ಮಾಸ್ಟರು ಮೂರು ಸಲವೂ ಅದೇ ಮಾತು ಹೇಳಿದರು. ಅವ್ವ ಮತ್ತೆ ಆ ಅಡುಗೆಮನೆಗೆ ಕಾಲಿಡಲಿಲ್ಲ. ಅವಳ ಕೈಯಿಂದ ಅನ್ನ ಉಂಡು ಮೀಸೆ ಬಂದ ಹುಡುಗರು ಬೀದಿಯಲ್ಲಿ ಅವಳನ್ನು ಕಂಡರೆ ಆ ಬದಿಗೆ ದಾಟುತ್ತಿದ್ದರು.

ಸೌಟು ಹೋದ ಮಾರನೆಯ ದಿನವೇ ನಾನು ಕ್ಲಿನಿಕ್ಕಿಗೆ ಹೋಗುತ್ತೇನೆ ಅಂತ ಹೊರಟಿದ್ದೆ. ಅವ್ವ ಬಾಗಿಲಿಗೆ ಅಡ್ಡ ನಿಂತು ಕೈ ಹಿಡಿದಳು. ‘ಓಗ್ಬ್ಯಾಡ ಕಣ್ ಮಗ’ ಅಂದಳು. ಅಂಗಳ ದಾಟುವಾಗ ಮತ್ತೊಂದು ಸಲ ಅಂದಳು, ಬೀದಿಗೆ ಬಿದ್ದ ಮೇಲೆ ಮೂರನೆಯ ಸಲ ಕೂಗಿ ಹೇಳಿದಳು. ಕಾಯಿಲೆಯಿಂದ ಈಗಷ್ಟೇ ಏಳುತ್ತಿರುವವಳಿಗೆ ಗಲಾಟೆ ಬೇಡವಾಗಿದೆ ಅಂದುಕೊಂಡು ನಾನು ನಡೆದೇಬಿಟ್ಟೆ.

ನನಗೆ ಕಾಂಪೌಂಡರ ಮೇಲೇ ಅನುಮಾನ. ಬೆಂಚಿನ ಮೇಲಿದ್ದ ಮೂವರೂ ಕೋಟೆ ಕಡೆಯವರು, ನಮ್ಮೂರಿನ ದಾರಿಯೂ ಅವರಿಗೆ ಗೊತ್ತಿಲ್ಲ. ಎಲ್ಲರ ಕಾಯಿಲೆಯನ್ನೂ ಬೀದಿಗೆ ಕೇಳುವಂತೆ ಕೂಗುವವರು ಆ ದಿನ ಮಾತ್ರ ಬಾಯಿ ಮುಚ್ಚಿದರಲ್ಲ, ಒಳಗೊಳಗೇ ಸಾಗಿಸುವ ಉಪಾಯ ಅದು ಅಂತ ತೀರ್ಮಾನಿಸಿದ್ದೆ. ತುಂಬಿದ ಹಾಲಿನಲ್ಲಿ ನಿಂತು ಏಕವಚನದಲ್ಲೇ ಶುರುಮಾಡಿದೆ. ನಿನ್ನ ಬಾಯಿಗೆ ಬೀಗ ಇಲ್ಲವಾ ಅಂದೆ. ನಿನ್ನ ತಾಯಿಗೆ ಹೀಗಾಗಿದ್ದರೆ ಡಂಗುರ ಸಾರುತ್ತಿದ್ದೆಯಾ ಅಂದೆ. ನನ್ನಪ್ಪನ ವಯಸ್ಸಿನ ಮನುಷ್ಯ ಕೈಯಲ್ಲಿದ್ದ ಸೀಸೆ ಕೆಳಗಿಟ್ಟರು.

‘ನಾನು ಯಾರ್ಗೂ ಯೋಳಿಲ್ಲ ಕಣಪ್ಪ. ಆ ಕಾಗ್ದವ ಮಡ್ಚಿ ನಿನ್ ಕೈಲೇ ಕೊಟ್ಟೆ.’

‘ಅದ್ಕೇ ನಿನ್ ಮೇಲೆ ಅನುಮಾನ’ ಅಂದೆ.

‘ನನ್ ಮಕ್ಕಳಾಣೆ’ ಅಂದರು. ಆಣೆ ಇಡುವವರೆಲ್ಲ ಕಳ್ಳರು ಅಂತ ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ. ಹಾಲಿನಲ್ಲಿ ಯಾರೂ ನಗಲಿಲ್ಲ.

ಡಾಕ್ಟರು ಹೊರಗೆ ಬಂದು ನನ್ನನ್ನು ಒಳಗೆ ಕರೆದರು. ಬೆಂಚಿನ ಮೇಲೆ ಮೂವರು ಕೂತೇ ಇದ್ದರು. ಅವರ ಮುಂದೆಯೇ, ‘ನಮ್ಮ ಜನರಲ್ಲಿ ಎಂಥ ಗುಟ್ಟಯ್ಯ? ಎಲ್ಲರದೂ ಎಲ್ಲರಿಗೂ ಗೊತ್ತು. ಇದೊಂದು ದೊಡ್ಡ ವಿಷಯ ಮಾಡಬೇಡ’ ಅಂದರು. ಅಂಗಡಿಗೆ ಹೋಗಿ ದೂರು ಟೈಪ್ ಮಾಡಿದೆ. ರೋಗಿಯ ವಿಷಯ ಹೊರಗೆ ಹಾಕುವುದು ತಪ್ಪು, ಆ ಕಾಂಪೌಂಡರು ಅಲ್ಲಿರುವವರೆಗೆ ಯಾರ ಮಾನವೂ ಉಳಿಯುವುದಿಲ್ಲ ಅಂತ ಎರಡು ಪುಟ. ಜಿಲ್ಲಾ ಕಚೇರಿಗೆ ಕಳುಹಿಸುವ ಮುಂಚೆ ಒಂದು ಪ್ರತಿಯನ್ನು ಡಾಕ್ಟರಿಗೇ ತೋರಿಸಿದೆ. ಓದಿ ಅವರು ಅದನ್ನು ಮಡಚಿ ಮೇಜಿನ ಖಾನೆಯೊಳಗೆ ಇಟ್ಟುಕೊಂಡರು. ಆ ವಾರದ ಕೊನೆಗೆ ಕಾಂಪೌಂಡರನ್ನು ಬಿಡಿಸಿದರು. ನಾನು ದೂರು ಕಳುಹಿಸಲಿಲ್ಲ.

ಹುಣಸೂರಿನಲ್ಲಿ ಯಾವುದೋ ಔಷಧಿ ಅಂಗಡಿಯಲ್ಲಿ ಪೆಟ್ಟಿಗೆ ಇಳಿಸುವ ಕೆಲಸಕ್ಕೆ ಅವರು ಸೇರಿದ್ದಾರೆ ಅಂತ ಆಮೇಲೆ ಗೊತ್ತಾಯಿತು. ಆ ವಯಸ್ಸಿನಲ್ಲಿ ಪೆಟ್ಟಿಗೆ. ನನಗೆ ಸಂತೋಷವೇ ಆಯಿತು, ಸುಳ್ಳು ಹೇಳುವುದಿಲ್ಲ. ಅವ್ವನಿಗೆ ಹೇಳಿದೆ. ಅವಳು ಒಲೆಯ ಕಡೆ ತಿರುಗಿ ಊದುಗೊಳವೆ ತೆಗೆದುಕೊಂಡಳು. ಒಲೆ ಉರಿಯುತ್ತಲೇ ಇತ್ತು.

ಈಗ ಮತ್ತೆ ಈ ವರ್ಷಕ್ಕೆ ಬರುತ್ತೇನೆ. ಬೋರ್ಡು ಹೋದ ಒಂದು ವಾರಕ್ಕೆ ನಮ್ಮೂರ ಶಾಲೆಗೆ ಹೊಸದಾಗಿ ಬಂದಿರುವ ಹೆಡ್‌ಮೇಡಮ್ಮು ಬಿಸಿಯೂಟದ ಹಳೆಯ ಫೈಲು ತಂದರು. ಮೇಲಿನ ಕಚೇರಿಯಿಂದ ಕೇಳಿದ್ದಾರೆ, ಪೂರ್ತಿ ಎರಡು ಪ್ರತಿ ಬೇಕು, ಸಂಜೆ ಬರುತ್ತೇನೆ ಅಂತ ಕೊಟ್ಟು ಹೋದರು. ಟ್ಯಾಗು ಬಿಚ್ಚಿ ಒಂದೊಂದೇ ಹಾಳೆ ಯಂತ್ರಕ್ಕೆ ಕೊಡುತ್ತಿದ್ದೆ. ಅಕ್ಕಿ ಬಂದ ರಶೀದಿ, ಎಣ್ಣೆ ಬಂದ ರಶೀದಿ. ಆಮೇಲೆ ಒಂದು ಅರ್ಜಿ ಬಂತು. ಅಡುಗೆಯವರಿಗೆ ಕ್ಷಯರೋಗ ಇರುವುದರಿಂದ ಅವರನ್ನು ತೆಗೆದುಹಾಕಬೇಕು ಅಂತ ನಮ್ಮೂರಿನ ತಂದೆತಾಯಿಗಳ ಸಹಿ, ಹೆಬ್ಬೆಟ್ಟು. ಎಲ್ಲ ಗೊತ್ತಿರುವ ಹೆಸರುಗಳೇ. ಹಲ್ಲು ಕಚ್ಚಿ ಓದಿದೆ. ಕೊನೆಯ ಸಾಲಿನಲ್ಲಿ, ಸಾಕ್ಷಿಗೆ ರಿಪೋರ್ಟಿನ ಪ್ರತಿ ಲಗತ್ತಿಸಿದೆ ಅಂತಿತ್ತು.

ಸಿಕ್ಕಿಬಿದ್ದ ಕಾಂಪೌಂಡರ್ ಅಂದುಕೊಂಡು ಹಾಳೆ ತಿರುಗಿಸಿದೆ.

ಅವ್ವನ ರಿಪೋರ್ಟು ಕಾಗದದ ಮೇಲೆ ಸೊಟ್ಟಗೆ ಬಿದ್ದಿತ್ತು. ಅವಳ ಹೆಸರು, ವಯಸ್ಸು, ಊರು ಎಲ್ಲ ಸ್ಪಷ್ಟ, ಕೆಳಗಿನ ಮೂಲೆ ಮಾತ್ರ ಕತ್ತರಿಸಿಹೋಗಿತ್ತು. ನಡುವೆ ಬೋಂಡಾದ ಎಣ್ಣೆ ಎರಡು ದುಂಡು ಕಲೆ ಮಾಡಿ ಕಾಗದ ತೆಳ್ಳಗೆ ಹೊಳೆಯುತ್ತಿತ್ತು. ಎಡ ಅಂಚಿನಲ್ಲಿ ಮೇಲಿನಿಂದ ಕೆಳಗೆ ಒಂದು ಕಪ್ಪು ಗೆರೆ, ನಡುವೆ ಅಕ್ಕಿಕಾಳಿನಷ್ಟು ತುಂಡಾಗಿ, ಮತ್ತೆ ಮುಂದುವರಿದಿತ್ತು.

ಕ್ಲಿನಿಕ್ಕಿನಲ್ಲಿ ಜೆರಾಕ್ಸ್ ಯಂತ್ರವೇ ಇಲ್ಲ. ಆ ರಿಪೋರ್ಟಿಗೆ ಲೋಕದಲ್ಲಿ ಇದ್ದದ್ದು ಎರಡೇ ಪ್ರತಿ. ಒಂದನ್ನು ಸರ್ಕಾರಿ ಆಸ್ಪತ್ರೆಗೆ ಕೊಟ್ಟಿದ್ದೆ. ಇನ್ನೊಂದನ್ನು ನಾನೇ ಎಡಗೈಯಲ್ಲಿ ರಟ್ಟಿನ ಪೆಟ್ಟಿಗೆಗೆ ಎಸೆದಿದ್ದೆ. ಸಂತೆಯಲ್ಲಿ ನಮ್ಮೂರಿನವರು ಯಾರೋ ಬೋಂಡಾ ತಿಂದು, ಕೈ ಒರೆಸಿಕೊಳ್ಳಲು ಹೋಗಿ ಊರಿನ ಹೆಸರು ಕಂಡು ಓದಿದ್ದಾರೆ. ಬೆಂಚಲ್ಲ, ಡಾಕ್ಟರಲ್ಲ, ಕಾಂಪೌಂಡರಲ್ಲ. ಸೌಟು ಕಿತ್ತುಕೊಂಡ ಕ್ಲಿನಿಕ್ಕು ಅಂತ ಒಂದು ವಾರದ ಹಿಂದೆ ಉರಿದುಕೊಂಡು ಅಕ್ಷರ ದಪ್ಪ ಮಾಡಿದವನೂ ನಾನೇ.

ಡ್ರಮ್ಮು ಬದಲಾಯಿಸಿ ಮೂರು ವರ್ಷವಾಗಿದೆ, ಈಗ ನನ್ನ ಅಂಗಡಿಯ ಕಾಗದಗಳಿಗೆ ಗೆರೆ ಬೀಳುವುದಿಲ್ಲ. ಆ ಹಾಳೆಯನ್ನು ತೆಗೆದು ಹರಿದುಹಾಕಬಹುದಿತ್ತು. ಹಾಳೆಗಳಿಗೆ ನಂಬರು ಹಾಕಿತ್ತು. ಗಾಜಿನ ಮೇಲಿಟ್ಟು ಗುಂಡಿ ಒತ್ತಿದೆ. ಹೊಸ ಡ್ರಮ್ಮು ಹಳೆಯ ಗೆರೆಯನ್ನು ಚೆನ್ನಾಗಿಯೇ ಎತ್ತಿಕೊಟ್ಟಿತು. ಎರಡು ಪ್ರತಿ.

ಆ ಸಂಜೆ ಮನೆಗೆ ಹೋದಾಗ ಅವ್ವ ಜಗಲಿಯಲ್ಲಿ ಕೂತು ಅಲಸಂದೆಕಾಯಿ ಸುಲಿಯುತ್ತಿದ್ದಳು. ಹೇಗೆ ಶುರು ಮಾಡಬೇಕೋ ತಿಳಿಯಲಿಲ್ಲ. ಇವತ್ತು ಶಾಲೆಯ ಫೈಲು ನನ್ನ ಅಂಗಡಿಗೆ ಬಂದಿತ್ತು ಕಣವ್ವ ಅಂದೆ. ಅವಳ ಕೈ ನಿಂತಿತು.

‘ಆ ಕಾಗ್ದ ನೋಡ್ದಾ?’ ಅಂದಳು.

ಯಾವ ಕಾಗದ ಅಂತ ನಾನು ಕೇಳಬೇಕಾಗಿರಲಿಲ್ಲ. ನಿನಗೆ ಹೇಗೆ ಗೊತ್ತು ಅಂದೆ.

‘ಸೌಟು ಇಸ್ಕಂಡ ದಿನ ಎಡ್‌ಮಾಷ್ಟ್ರು ತೋರ್ಸುದ್ರು. ನೋಡಮ್ಮ, ನಾವು ಸುಮ್ಸುಮ್ನೆ ಯೋಳ್ತಿಲ್ಲ ಅಂತ ಅಂಗೇ ಮುಂದಕ್ಕೆ ಇಡುದ್ರು. ನಂಗೆ ಓದಕ್ಕೆ ಬರಲ್ಲ, ಗೆರೆ ಕಾಣಲ್ವಾ? ನಮ್ಮ ರೇಷನ್ ಕಾರ್ಡಿನ ಜೆರಾಕ್ಸ್‌ಗೂ ಅದೆ, ಆಧಾರ್‌ಗೂ ಅದೆ. ಪೆಟ್ಗೆ ತುಂಬಾ ನಿನ್ ಗೆರೆನೇ.’

‘ನಾಕ್ ವರ್ಷ ಯಾಕವ್ವ ಯೋಳ್ಲಿಲ್ಲ?’

‘ಯೋಳಿದ್ರೆ ನೀನು ಮತ್ತೆ ಅಂಗ್ಡಿ ಬಾಗ್ಲು ತೆಗೀತಿದ್ದಾ?’

ಅವಳು ಅಲಸಂದೆಕಾಯಿ ಕೈಗೆತ್ತಿಕೊಂಡಳು. ಸುಲಿಯಲಿಲ್ಲ. ಹಾಗಾದರೆ ಆ ಕಾಂಪೌಂಡರು ಅಂತ ನಾನು ಅಂದದ್ದಷ್ಟೇ, ಮುಂದಿನದನ್ನು ಅವಳೇ ಹೇಳಿದಳು.

‘ಓಗ್ಬ್ಯಾಡ ಅಂದೆ. ಮೂರ್ ಸಲ ಅಂದೆ. ಕೇಳ್ದಾ ನೀನು? ಆಮ್ಯಾಲಾದ್ರೂ ನಾನು ಬಾಯ್ಬುಡಬೇಕಿತ್ತು. ನನ್ ಮಗ ಅಂತ ಮುಚ್ಕಂಡೆ. ಅವ್ರೂ ಯಾರೋ ಎತ್ತವ್ಳ ಮಗನೇ ಅಲ್ವಾ.’

ನನಗೆ ಅಳು ಬಂತು. ಅವಳು ಸಮಾಧಾನ ಮಾಡಲು ಬರಲಿಲ್ಲ. ಆ ಕಾಯಿಲೆಯ ಗುಟ್ಟನ್ನು ಇಡಲಾರದೆ ಹೋದವನು ನಾನು, ನನ್ನ ಗುಟ್ಟನ್ನು ನಾಲ್ಕು ವರ್ಷ ಎದೆಯಲ್ಲಿಟ್ಟುಕೊಂಡು ಉಂಡು ಮಲಗಿದವಳು ಅವಳು. ಅದರ ಭಾರ ಹೊತ್ತದ್ದು ಮಾತ್ರ ಹುಣಸೂರಿನಲ್ಲಿ ಪೆಟ್ಟಿಗೆ ಇಳಿಸುವ ಮನುಷ್ಯ.

‘ಓಗಿ ಅವ್ರ ಮುಂದೆ ನಿಂತ್ಕಂಡು ಯೋಳ್ಬುಟ್ಟು ಬಾ’ ಅಂದಳು. ‘ಜನ ಇರೋವಾಗ್ಲೇ ಯೋಳು. ಬಯ್ಯುವಾಗ ಜನ ಇದ್ರಲ್ಲ.’

ತಪಾಸಣೆ ಸುಸೂತ್ರವಾಗಿ ಮುಗಿಯಿತಂತೆ. ಮೊನ್ನೆ ಜ್ವರಕ್ಕೆ ಮಾತ್ರೆ ತರಲು ಕ್ಲಿನಿಕ್ಕಿಗೆ ಹೋಗಿದ್ದೆ. ನನ್ನ ಬೋರ್ಡು ಡಾಕ್ಟರ ಕೋಣೆಯಲ್ಲೇ ಇದೆ, ಒಳಬೆಂಚಿನ ಮೇಲಿನ ಗೋಡೆಗೆ ಹೊಡೆದಿದ್ದಾರೆ. ಸ್ಟೂಲಿನ ಮೇಲೆ ಕೂತವರು ಕಾಯಿಲೆ ಹೇಳುವಾಗ ಬೆಂಚಿನವರು ಕತ್ತು ತಿರುಗಿಸಿ ಅದನ್ನು ಓದುತ್ತಾರೆ. ನಾನೂ ಓದಿದೆ. ಐದನೆಯ ಸಾಲು ದೂರದಿಂದಲೂ ಕಾಣುತ್ತದೆ.

ಕೆಟ್ಟ ಪ್ರತಿಗಳನ್ನು ಈಗ ನಾನೇ ಚೂರುಚೂರು ಮಾಡಿ ಸುಡುತ್ತೇನೆ. ಬೋಂಡಾದವರು ಕಾಗದ ಕೇಳಿದರೆ ಇಲ್ಲ ಅನ್ನುತ್ತೇನೆ, ಕಾರಣ ಹೇಳುವುದಿಲ್ಲ. ಅವ್ವ ಆ ಸಂಜೆಯ ನಂತರ ಹುಣಸೂರಿನ ಮಾತೆತ್ತಿಲ್ಲ. ನಾನು ಮನೆಗೆ ಬಂದಾಗ ಒಂದು ಸಲ ಮುಖ ನೋಡುತ್ತಾಳೆ, ಆಮೇಲೆ ತಟ್ಟೆ ಇಡುತ್ತಾಳೆ.

ದಿನಾ ಸಂಜೆ ಅಂಗಡಿ ಮುಚ್ಚಿ ನಾನು ಹತ್ತುವುದು ಹುಣಸೂರಿನ ಬಸ್ಸನ್ನೇ. ನಮ್ಮೂರಿಗೆ ಬೇರೆ ದಾರಿಯಿಲ್ಲ. ಕಂಪಲಾಪುರದಲ್ಲಿ ಏಳದೆ ಸೀಟಿನಲ್ಲಿ ಕೂತಿದ್ದರೆ ಸಾಕು, ಬಸ್ಸೇ ಅವರ ಹತ್ತಿರ ಕರೆದುಕೊಂಡು ಹೋಗುತ್ತದೆ. ಮೂರು ತಿಂಗಳಾಯಿತು. ಕಂಡಕ್ಟರು ಕಂಪಲಾಪುರ ಅಂತ ಕೂಗಿದ ಕೂಡಲೇ ಎದ್ದು ಇಳಿದುಬಿಡುತ್ತೇನೆ.